1980ರ ದಶಕದ ಪಾಕೋ ರಬಾನ್ ಪೂರ್ ಓಮ್: ಈಗ ಹಚ್ಚಿಕೊಂಡರೆ ಹೇಗಿರುತ್ತದೆ?

ಪ್ರಶ್ನೆ: ಸಪ್ತಾಪುರದ ನಿವಾಸಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಹಳೆಯ ಕಾಲದ ಗಂಡಸರ ಸುಗಂಧಗಳನ್ನು ಬಳಸಿ ಬಲ್ಲವರಿಂದ ಒಂದೆರಡು ವಿಷಯ ತಿಳಿದುಕೊಳ್ಳಬೇಕಾಗಿದೆ.

ನನ್ನ ಕಾಕಾ 1980ರ ದಶಕದಲ್ಲಿ ಮಸ್ಕತ್‌ನಲ್ಲಿ ಕೆಲಸಕ್ಕಿದ್ದಾಗ ತಂದಿದ್ದ ‘ಪಾಕೋ ರಬಾನ್ ಪೂರ್ ಓಮ್’ನ ಹಸಿರು ಬಾಟಲಿಯೊಂದು ಈಗ ನನ್ನ ಕೈಗೆ ಬಂದಿದೆ. ಮದುವೆ ಮುಂಜಿವೆಗಳಿದ್ದಾಗ ಮಾತ್ರ ಅವರು ಅದನ್ನು ಹೊರತೆಗೆಯುತ್ತಿದ್ದುದರಿಂದ ಅರ್ಧಕ್ಕಿಂತ ಹೆಚ್ಚೇ ಉಳಿದಿದೆ. ಇಷ್ಟು ವರ್ಷವೂ ಪೆಟ್ಟಿಗೆಯ ಸಮೇತ ತಿಜೋರಿಯ ಒಳಖಾನೆಯಲ್ಲಿ, ಬೆಳಕು ಬೀಳದ ಜಾಗದಲ್ಲಿತ್ತು. ‘ನನಗ್ಯಾಕಪಾ ಈಗ ಇದೆಲ್ಲಾ, ನೀನ ಹಚ್ಚಿಗೋ’ ಎಂದು ಕಾಕಾ ಕೊಟ್ಟುಬಿಟ್ಟರು.

ನಾನು ಸಾಮಾನ್ಯವಾಗಿ ಬಳಸುವುದು ಈಗಿನ ಕಾಲದ, ನೀರು ನಿಂಬೆಯ ತಂಪು ವಾಸನೆಯ ಸ್ಪ್ರೇಗಳನ್ನು. ಆದ್ದರಿಂದ ಇದರ ಮೊದಲ ಪರಿಚಯ ನನಗೆ ದಿಗಿಲನ್ನೇ ಹುಟ್ಟಿಸಿತು. ಮುಂಗೈಗೆ ಹೊಡೆದುಕೊಂಡ ಕೂಡಲೇ ಉಗುರುಬಣ್ಣ ಅಳಿಸುವ ದ್ರವದಂಥ ಘಾಟು ಮೂಗಿಗೆ ಬಡಿಯಿತು, ಅದರ ಹಿಂದೆಯೇ ಒಣಗಿದ ಸೊಪ್ಪಿನ ಕಹಿ ಬಂತು. ಕೆಟ್ಟುಹೋಗಿದೆ ಎಂದುಕೊಂಡು ಕೈ ತೊಳೆಯಲು ಎದ್ದವನಿಗೆ ಫೋನು ಬಂದು, ಮಾತು ಮುಗಿಸುವಷ್ಟರಲ್ಲಿ ಆ ಘಾಟು ಇಲ್ಲವಾಗಿ, ಅದರ ಜಾಗದಲ್ಲಿ ರೋಸ್‌ಮೇರಿ ಮತ್ತು ಲ್ಯಾವೆಂಡರ್‌ಗಳ ಗಂಭೀರವಾದ, ತುಸು ಒರಟಾದ ಪರಿಮಳ ನಿಂತಿತ್ತು. ಅರ್ಧ ಗಂಟೆಯ ಮೇಲೆ ಅದು ಸಾಬೂನಿನ ನೊರೆಯ ಹಾಗೆ ಸ್ವಚ್ಛವಾಯಿತು. ಆಮೇಲೆ, ನಾನು ನಿರೀಕ್ಷಿಸದಿದ್ದ ಜೇನಿನ ಛಾಯೆಯೊಂದು ಕಾಣಿಸಿಕೊಂಡಿತು. ಈಗಿನ ಸುಗಂಧಗಳಲ್ಲಿ ಸಿಗುವ ಚಾಕಲೇಟು, ವೆನಿಲಾಗಳ ಸಿಹಿ ಇದಲ್ಲ. ಜೇನಿನೊಳಗೆ ಇರುವ ಒಗರನ್ನೂ ಮೈಬೆವರಿನ ಒಂದು ಎಳೆಯನ್ನೂ ಬಿಡದೆ ಇಟ್ಟುಕೊಂಡ ಸಿಹಿ ಇದು. ಸಂಜೆಯವರೆಗೂ ಇತ್ತು. ಮರುದಿನ ಬೆಳಿಗ್ಗೆ ಅಂಗಿಯ ಕಾಲರನ್ನು ಮೂಸಿದಾಗ ಉಳಿದಿದ್ದ ವಾಸನೆ ನನಗೆ ನೇರವಾಗಿ ನೆನಪಿಸಿದ್ದು ಮನೆಯಲ್ಲಿ ಮಸಾಲೆಗೆ ತಂದಿಡುವ ಕಲ್ಲುಹೂವಿನ ಡಬ್ಬಿಯನ್ನು. ಇದು ನನ್ನ ಮೂಗಿನ ಭ್ರಮೆಯೋ ಅಥವಾ ನಿಜವಾಗಿಯೂ ಸಂಬಂಧವಿದೆಯೋ ತಿಳಿಯದು.

ಈ ಸುಗಂಧ ಯಾರನ್ನೂ ಮೆಚ್ಚಿಸಲು ಅವಸರ ಮಾಡುವುದಿಲ್ಲ, ಹಚ್ಚಿಕೊಂಡವನನ್ನು ಚಿಕ್ಕವನಂತೆ ತೋರಿಸುವ ಗೊಡವೆಗೂ ಹೋಗುವುದಿಲ್ಲ. ಅದನ್ನು ಹಚ್ಚಿಕೊಂಡ ದಿನ ನಾನು ಟೀ ಶರ್ಟನ್ನು ಬದಿಗಿಟ್ಟು ಇಸ್ತ್ರಿ ಮಾಡಿದ ಉದ್ದ ತೋಳಿನ ಅಂಗಿಯನ್ನೇ ತೊಟ್ಟೆ. ಬೇರೆಯದು ಅದಕ್ಕೆ ಒಪ್ಪುವುದಿಲ್ಲ ಎನ್ನಿಸಿತು. ನಮ್ಮ ಅವ್ವ ಅಡುಗೆಮನೆಯಿಂದಲೇ ‘ಕಾಕಾ ಬಂದಾನೇನೋ?’ ಎಂದು ಕೇಳಿದಳು. ಹುಬ್ಬಳ್ಳಿಯ ಕಚೇರಿಯಲ್ಲಿ ಸಹೋದ್ಯೋಗಿಯೊಬ್ಬರು ಮಾತ್ರ ‘ಏನ್ರಿ ಸರ, ಈಗಷ್ಟ ಕಟಿಂಗ್ ಮಾಡಿಸ್ಕೊಂಡು ಬಂದ್ರೇನು?’ ಎಂದು ನಕ್ಕರು.

ಈಗ ನನ್ನ ಪ್ರಶ್ನೆಗಳು. ಮೊದಲ ಹತ್ತು ನಿಮಿಷದ ಆ ಘಾಟು ಕೆಟ್ಟಿರುವುದರ ಲಕ್ಷಣವೇ, ಮತ್ತು ಇಷ್ಟು ಹಳೆಯದನ್ನು ಚರ್ಮಕ್ಕೆ ಹಚ್ಚಿಕೊಳ್ಳಬಹುದೇ? ದಿನವೂ ಚಿಗರಿ ಬಸ್ಸಿನ ಮುಚ್ಚಿದ ಎ.ಸಿ.ಯಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವವನು ಎಷ್ಟು ಹಚ್ಚಿಕೊಂಡರೆ ಪಕ್ಕದವರಿಗೆ ತೊಂದರೆಯಾಗದು? ಈಗ ಅಂಗಡಿಯಲ್ಲಿ ಇದೇ ಹೆಸರಿನಲ್ಲಿ ಸಿಗುವುದು ಇದೇ ಸುಗಂಧವೇ? ಬಳಸಿದವರು ತಮ್ಮ ಅನುಭವವನ್ನು ತಿಳಿಸಬೇಕಾಗಿ ವಿನಂತಿ.

ಉತ್ತರ 1: ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಮಾಳಮಡ್ಡಿ, ಧಾರವಾಡ

ಮಾನ್ಯರೇ, ನಿಮ್ಮ ಬಾಟಲಿ ಕೆಟ್ಟಿಲ್ಲವೆಂದು ನನಗನ್ನಿಸುತ್ತದೆ. ಅದಕ್ಕೆ ಬೇಕಾದ ಆಧಾರ ನೀವು ಕೊಟ್ಟ ವಿವರಣೆಯಲ್ಲೇ ಇದೆ.

ಸುಗಂಧದಲ್ಲಿರುವ ಪದಾರ್ಥಗಳೆಲ್ಲ ಒಂದೇ ವೇಗದಲ್ಲಿ ಆವಿಯಾಗುವುದಿಲ್ಲ. ನಿಂಬೆ ಜಾತಿಯ ಎಣ್ಣೆಗಳಲ್ಲಿರುವ ಲಿಮೋನೀನ್, ಲ್ಯಾವೆಂಡರ್‌ನಲ್ಲಿರುವ ಲಿನಲೂಲ್ ಮುಂತಾದ ಹಗುರ ಅಣುಗಳು ಮೊದಲು ಮೂಗಿಗೆ ತಲುಪಿ ಮೊದಲೇ ಹೊರಟುಹೋಗುತ್ತವೆ. ಬಾಟಲಿಯೊಳಗೆ ಸೇರಿಕೊಂಡ ಗಾಳಿಯ ಆಮ್ಲಜನಕದೊಡನೆ ವರ್ಷಗಟ್ಟಲೆ ವರ್ತಿಸಿ ಬದಲಾಗುವುದರಲ್ಲಿಯೂ ಇವೇ ಮುಂದು. ಒಣಹುಲ್ಲಿನ ವಾಸನೆಯ ಕೌಮರಿನ್, ಕಸ್ತೂರಿಯಂಥ ಮಸ್ಕ್, ಮರದ ಅಂಟು, ಓಕ್ ಮರದ ತೊಗಟೆಯ ಮೇಲೆ ಬೆಳೆಯುವ ಓಕ್‌ಮಾಸ್‌ನ ಸಾರದಂಥ ಭಾರದ ಪದಾರ್ಥಗಳು ಅಷ್ಟು ಸುಲಭವಾಗಿ ಕೆಡುವುದಿಲ್ಲ. ಶುದ್ಧ ಕೌಮರಿನ್ ನಮ್ಮ ಕೋಣೆಯ ಉಷ್ಣತೆಯಲ್ಲಿ ಬಿಳಿಯ ಹರಳಾಗಿ ಕೂತಿರುತ್ತದೆ ಎಂದರೆ ಅದು ಎಷ್ಟು ನಿಧಾನದ ವಸ್ತುವೆಂದು ಊಹಿಸಬಹುದು. ಆದ್ದರಿಂದ ಹಳೆಯ ಬಾಟಲಿಯಲ್ಲಿ ಪೆಟ್ಟು ಬೀಳುವುದು ಮೊದಲ ಕಾಲು ಗಂಟೆಗೆ. ಆಮೇಲಿನದು ಬಹುಮಟ್ಟಿಗೆ ಉಳಿದಿರುತ್ತದೆ. ಕೆಟ್ಟ ಸುಗಂಧವಾಗಿದ್ದರೆ ಆ ಘಾಟು ತಾಸುಗಟ್ಟಲೆ ಕದಲುತ್ತಿರಲಿಲ್ಲ, ಜೇನಿನ ಭಾಗವನ್ನೂ ಹುಳಿ ಮಾಡುತ್ತಿತ್ತು.

ನಿಮ್ಮ ಸಹೋದ್ಯೋಗಿಯ ಮೂಗು ಚೆನ್ನಾಗಿದೆ. ವಿಲಿಯಂ ಹೆನ್ರಿ ಪರ್ಕಿನ್ 1868ರಲ್ಲಿ ಕೌಮರಿನ್ನನ್ನು ಪ್ರಯೋಗಾಲಯದಲ್ಲಿ ತಯಾರಿಸಿದ. ಒಣಹುಲ್ಲಿನ ಆ ಪರಿಮಳವನ್ನು ಲ್ಯಾವೆಂಡರ್ ಮತ್ತು ಓಕ್‌ಮಾಸ್‌ಗಳ ಜೊತೆ ಕೂಡಿಸಿ ಪಾಲ್ ಪಾರ್ಕೆ ಎಂಬ ಸುಗಂಧ ತಯಾರಕ 1882ರಲ್ಲಿ ಊಬಿಗಾಂ ಕಂಪನಿಗೆ ‘ಫೂಜೇರ್ ರೊಯಾಲ್’ ಎಂಬುದನ್ನು ಮಾಡಿಕೊಟ್ಟ. ಗಂಡಸರ ಸುಗಂಧಗಳ ದೊಡ್ಡ ಮನೆತನವೊಂದು ಅಲ್ಲಿಂದ ಬೆಳೆಯಿತು. 1964ರ ಬ್ರೂಟ್, ಜಾನ್ ಮಾರ್ಟೆಲ್ 1973ರಲ್ಲಿ ಮಾಡಿದ ನಿಮ್ಮ ಈ ಪಾಕೋ ರಬಾನ್, 1978ರ ಅಜಾರೋ, 1982ರ ದ್ರಕ್ಕಾರ್ ನ್ವಾರ್ ಎಲ್ಲವೂ ಇದೇ ಮನೆತನದವು. ದಾಡಿಯ ಸಾಬೂನು, ದಾಡಿಯಾದ ಮೇಲೆ ಹಚ್ಚುವ ಲೋಷನ್, ಕೂದಲಿನ ಕ್ರೀಮು ಮಾಡುವವರೂ ಇದೇ ಕೂಟವನ್ನು ಅಗ್ಗದ ರೂಪದಲ್ಲಿ ಬಳಸಿದರು. ಹೀಗಾಗಿ ಕಟಿಂಗ್ ಅಂಗಡಿಯಲ್ಲಿ ಕೂತು ಬೆಳೆದ ನಮಗೆ ಮೂಲಕ್ಕಿಂತ ಮೊದಲು ಅದರ ನಕಲಿನ ಪರಿಚಯವಾಗಿರುತ್ತದೆ. ಆ ಮಾತನ್ನು ನೀವು ಅವಮಾನವೆಂದು ತೆಗೆದುಕೊಳ್ಳಬೇಕಾಗಿಲ್ಲ.

ಕಲ್ಲುಹೂವಿನ ಬಗ್ಗೆ ನೀವು ಬರೆದುದನ್ನು ಓದಿ ನನಗೆ ಬಹಳ ಸಂತೋಷವಾಯಿತು. ಅದು ಭ್ರಮೆಯಲ್ಲ. ಓಕ್‌ಮಾಸ್ ಎಂದು ಕರೆದರೂ ಅದು ಪಾಚಿಯಲ್ಲ, ಓಕ್ ಮರದ ತೊಗಟೆಯ ಮೇಲೆ ಬೆಳೆಯುವ ಕಲ್ಲುಹೂವು. ಶಿಲೀಂಧ್ರವೂ ಶೈವಲವೂ ಕೂಡಿ ಬಾಳುವ ಜೀವಿ ಅದು. ದಕ್ಷಿಣ ಯುರೋಪಿನ ಕಾಡುಗಳಿಂದ ಕೂಡಿಸಿ ತಂದು, ದ್ರಾವಕದಿಂದ ಅದರ ಸಾರ ತೆಗೆಯುತ್ತಾರೆ. ನಮ್ಮ ಮಸಾಲೆಗೆ ಹಾಕುವುದು ಬೇರೆ ಜಾತಿಯದಾದರೂ ಅದೇ ದೊಡ್ಡ ಕುಟುಂಬಕ್ಕೆ ಸೇರಿದ್ದು. ವಾಸನೆಯ ಬೇರು ಒಂದೇ. ಪ್ಯಾರಿಸಿನ ಮೂಗಿಗೆ ಅದು ಮಳೆಯಲ್ಲಿ ನೆನೆದ ಕಾಡಾಗಿ ಕಾಣಬಹುದು, ಧಾರವಾಡದವನಿಗೆ ಮಸಾಲೆಯ ಡಬ್ಬಿಯಾಗಿ ಕಾಣುವುದು ಸಹಜವೇ.

ಚರ್ಮದ ವಿಷಯದಲ್ಲಿ ಮಾತ್ರ ಸ್ವಲ್ಪ ಜಾಗ್ರತೆ ಇರಲಿ. ಓಕ್‌ಮಾಸ್‌ನಲ್ಲಿರುವ ಅಟ್ರನಾಲ್, ಕ್ಲೋರೋಅಟ್ರನಾಲ್ ಎಂಬ ಎರಡು ಪದಾರ್ಥಗಳು ಕೆಲವರ ಚರ್ಮದಲ್ಲಿ ಅಲರ್ಜಿ ಉಂಟುಮಾಡುತ್ತವೆ. ಐರೋಪ್ಯ ಒಕ್ಕೂಟ 2017ರಲ್ಲಿ ನಿಯಮ ತಂದು ಅವನ್ನು ನಿಷೇಧಿಸಿತು. ಗಾಳಿಯೊಡನೆ ವರ್ತಿಸಿದ ಲಿನಲೂಲ್ ಮತ್ತು ಲಿಮೋನೀನ್‌ಗಳೂ ಹೊಸದಕ್ಕಿಂತ ಹೆಚ್ಚು ತುರಿಕೆ ತರುತ್ತವೆ. ಅಲ್ಲದೆ ಆ ಕಾಲದ ಅನೇಕ ಸುಗಂಧಗಳಲ್ಲಿ ಮಸ್ಕ್ ಆಂಬ್ರೆಟ್ ಎಂಬ ಕೃತಕ ಕಸ್ತೂರಿ ಇರುತ್ತಿತ್ತು. ಬಿಸಿಲು ತಗುಲಿದಾಗ ಚರ್ಮ ಕೆಂಪಾಗುವುದು ಕಂಡುಬಂದದ್ದರಿಂದ ಅದನ್ನು ಕೈಬಿಡಲಾಯಿತು. ನಿಮ್ಮ ಬಾಟಲಿಯನ್ನು ಹೆದರಿ ಮೂಲೆಗಿಡಬೇಕೆಂದು ನಾನು ಹೇಳುತ್ತಿಲ್ಲ. ಮೊಣಕೈಯ ಒಳಮಡಿಕೆಗೆ ಒಂದು ಹನಿ ಹಚ್ಚಿ ಎರಡು ದಿನ ನೋಡಿರಿ. ಏನೂ ಆಗದಿದ್ದರೂ ಬಿಸಿಲು ಬೀಳುವ ಕುತ್ತಿಗೆ, ಮುಖಗಳಿಗೆ ಹಚ್ಚದೆ ಬಟ್ಟೆಗೆ ಹಚ್ಚಿಕೊಳ್ಳುವುದು ಉತ್ತಮ. ಬಿಳಿಯ ಅಂಗಿಗೆ ಬೇಡ, ಕಲೆಯಾದೀತು.

ಉತ್ತರ 2: ಅತ್ತರಿನ ವ್ಯಾಪಾರಿ, ಶಾ ಬಜಾರ್, ಹುಬ್ಬಳ್ಳಿ

ಉಪನ್ಯಾಸಕ ಸಾಹೇಬರು ವಿಜ್ಞಾನವನ್ನು ಹೇಳಿದ್ದಾರೆ, ನಾನು ವ್ಯಾಪಾರದ ಕಡೆಯಿಂದ ಹೇಳುತ್ತೇನೆ. ನಮ್ಮ ಅಂಗಡಿಯಲ್ಲಿ ಮೊದಲಿನಿಂದಲೂ ಅತ್ತರೇ ಮುಖ್ಯ. ಆದರೆ ವಿದೇಶದ ಮಾಲು ಸುಲಭವಾಗಿ ಸಿಗದಿದ್ದ ಕಾಲದಲ್ಲಿ ಕೊಲ್ಲಿ ದೇಶಗಳಿಂದ ಬಂದವರು ತಂದ ಬಾಟಲಿಗಳನ್ನು ನಮ್ಮ ತಂದೆಯವರಿಗೆ ಮಾರಿಹೋಗುತ್ತಿದ್ದರಾದ್ದರಿಂದ ಈ ಹಸಿರು ಬಾಟಲಿಯನ್ನು ನಾನು ಚಿಕ್ಕಂದಿನಿಂದ ಬಲ್ಲೆ.

ಕಲ್ಲುಹೂವಿನ ಮಾತಿಗೆ ಇನ್ನೊಂದನ್ನು ಸೇರಿಸಬೇಕು. ಉತ್ತರ ಪ್ರದೇಶದ ಕನೌಜಿನಲ್ಲಿ ತಯಾರಾಗುವ ಶಮಾಮಾ ಅತ್ತರಿಗೆ ಹತ್ತಾರು ಗಿಡಮೂಲಿಕೆ, ಮಸಾಲೆಗಳ ಜೊತೆಗೆ ಛಡೀಲಾ ಎಂದು ಅವರು ಕರೆಯುವ ಇದೇ ಕಲ್ಲುಹೂವನ್ನೂ ಹಾಕಿ ಭಟ್ಟಿ ಇಳಿಸುತ್ತಾರೆ. ಚಳಿಗಾಲದಲ್ಲಿ ಶಮಾಮಾ ಹಚ್ಚಿಕೊಳ್ಳುವ ಹಿರಿಯ ಗಿರಾಕಿಯೊಬ್ಬರಿಗೆ ಹಳೆಯ ಪಾಕೋ ರಬಾನ್ ಹಚ್ಚಿದ ಕಾಗದದ ಪಟ್ಟಿಯೊಂದನ್ನು ಮರುದಿನ ಮೂಸಲು ಕೊಟ್ಟಾಗ, ಹೆಸರು ಕೇಳುವ ಮೊದಲೇ ಅವರು ‘ಇದರಾಗ ನಮ್ಮ ಮಾಲು ಐತಿ’ ಎಂದಿದ್ದರು. ಹೀಗೆ ಕನೌಜಿನ ಭಟ್ಟಿಯೂ ಪ್ಯಾರಿಸಿನ ಪ್ರಯೋಗಾಲಯವೂ, ವಾಸನೆ ಹೆಚ್ಚು ಹೊತ್ತು ನಿಲ್ಲಬೇಕೆಂದಾಗ ಒಂದೇ ಜಾತಿಯ ವಸ್ತುವಿಗೆ ಕೈಹಾಕಿವೆ.

ಎಷ್ಟು ಹಚ್ಚಬೇಕು ಎಂದು ಕೇಳಿದ್ದೀರಿ. ಈಗಿನ ಸ್ಪ್ರೇಗಳ ಲೆಕ್ಕವನ್ನು ಇದಕ್ಕೆ ಹಿಡಿಯಬೇಡಿ. ಆ ಕಾಲದ ಸುಗಂಧಗಳನ್ನು ದೊಡ್ಡ ಕೋಣೆ, ತೆರೆದ ಕಿಟಕಿ, ದಪ್ಪ ಕೋಟು, ಸಿಗರೇಟಿನ ಹೊಗೆ ಇವೆಲ್ಲ ಇದ್ದ ಜಗತ್ತಿಗಾಗಿ ಮಾಡುತ್ತಿದ್ದರು. ಚಿಗರಿ ಬಸ್ಸಿನಲ್ಲಿ ಕಿಟಕಿ ತೆರೆಯಲು ಬರುವುದಿಲ್ಲ. ಅಂಗಿ ತೊಡುವ ಮೊದಲು ಬನಿಯನ್ನಿನ ಎದೆಯ ಭಾಗಕ್ಕೆ ಒಂದೇ ಸಲ ಹೊಡೆದುಕೊಂಡು, ಮನೆಯಿಂದ ಹೊರಡುವುದಕ್ಕೆ ಕನಿಷ್ಠ ಅರ್ಧ ಗಂಟೆ ಬಿಡಿ. ಆ ಮೊದಲಿನ ಘಾಟು ಮನೆಯಲ್ಲೇ ಉಳಿಯುತ್ತದೆ, ಬಸ್ಸಿನಲ್ಲಿ ಪಕ್ಕದವರಿಗೆ ಸಿಗುವುದು ಲ್ಯಾವೆಂಡರ್ ಮತ್ತು ಸಾಬೂನಿನ ಭಾಗ. ಅದಕ್ಕೆ ಯಾರೂ ಮುಖ ಸಿಂಡರಿಸುವುದಿಲ್ಲ. ಮುಂಗೈಗಳನ್ನು ಒಂದಕ್ಕೊಂದು ತಿಕ್ಕುವ ರೂಢಿ ಅನೇಕರಿಗಿದೆ. ಅತ್ತರಿಗೆ ಅದು ನಡೆಯುತ್ತದೆ, ಇದಕ್ಕೆ ಬೇಡ.

ಋತುವಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿಯಾಗಿದೆ. ಏಪ್ರಿಲ್, ಮೇ ತಿಂಗಳಲ್ಲಿ ಹುಬ್ಬಳ್ಳಿಯ ಬಿಸಿಲು 37 ಡಿಗ್ರಿಯ ಆಸುಪಾಸು ಇರುವಾಗ ಇದರ ಜೇನು ಮತ್ತು ಬೆವರಿನ ಭಾಗಗಳು ಉಬ್ಬಿ ಮೇಲೆ ಬಂದು, ಲ್ಯಾವೆಂಡರ್‌ಗೆ ಜಾಗವೇ ಉಳಿಯುವುದಿಲ್ಲ. ಆಗ ಲಾವಂಚದ ಅತ್ತರು ಹಚ್ಚಿಕೊಳ್ಳಿ, ಮೈಗೂ ಹಿತ. ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದು ಬಟ್ಟೆ ಒಣಗದೆ ಕೂತಿರುವ ಜುಲೈ ತಿಂಗಳಿದೆಯಲ್ಲ, ಆಗ ಈ ಬಾಟಲಿಯನ್ನು ತೆಗೆಯಿರಿ. ತೇವದ ಗಾಳಿಯಲ್ಲಿ ವಾಸನೆ ಮೈಗೆ ಹತ್ತಿರವಾಗಿ, ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ, ಮತ್ತು ಆ ಕಲ್ಲುಹೂವಿನ ಭಾಗ ಮಧ್ಯಾಹ್ನದ ಹೊತ್ತಿಗೇ ಸಿಗತೊಡಗುತ್ತದೆ.

ಹೊಸದು ಹಳೆಯದಕ್ಕೆ ಸಮವೇ ಎಂಬ ಪ್ರಶ್ನೆಗೆ, ಅತ್ತರಿನವರಾದ ನಮಗೆ ಬೇರೆಯವರನ್ನು ದೂರುವ ಹಕ್ಕಿಲ್ಲ. ನಮ್ಮದೇ ನಾಡಿನಲ್ಲಿ 1916ರಲ್ಲಿ ಮೈಸೂರಿನ ಶ್ರೀಗಂಧದ ಎಣ್ಣೆಯ ಕಾರ್ಖಾನೆ ಶುರುವಾದ ಕಾಲಕ್ಕೆ ಅತ್ತರೆಂದರೆ ಗಂಧದೆಣ್ಣೆಯ ಮೇಲೆ ಇಳಿಸಿದ ಹೂವಿನ ಸಾರ ಎಂದೇ ಅರ್ಥವಿತ್ತು. ಗಂಧ ಕಡಿಮೆಯಾಗಿ ಬೆಲೆ ಗಗನಕ್ಕೇರಿದ ಮೇಲೆ ಬಹುಪಾಲು ಅತ್ತರುಗಳ ತಳದಲ್ಲಿ ಪ್ಯಾರಾಫಿನ್ನಿನಂಥ ವಾಸನೆಯಿಲ್ಲದ ಎಣ್ಣೆ ಬಂದು ಕೂತಿತು. ಹೆಸರು ಅದೇ, ಸೀಸೆ ಅದೇ, ತಳ ಬೇರೆ.

ಉತ್ತರ 3: ಗದುಗಿನ ಓದುಗ

ಇಲ್ಲಿ ಎಲ್ಲರೂ ಹಳೆಯದರ ಪಕ್ಷವನ್ನೇ ವಹಿಸುತ್ತಿರುವುದರಿಂದ ಎದುರು ಪಕ್ಷದ ಮಾತನ್ನೂ ದಾಖಲಿಸುತ್ತೇನೆ. ಹಳೆಯದೆಂದ ಮಾತ್ರಕ್ಕೆ ಉತ್ತಮ ಎಂಬ ನಂಬಿಕೆ ಎಲ್ಲ ಸುಗಂಧಗಳಿಗೂ ಹೊಂದುವುದಿಲ್ಲ.

ನಾನು ಹಲವು ವರ್ಷಗಳಿಂದ ದಿಯೋರ್ ಕಂಪನಿಯ ‘ಓ ಸೊವಾಜ್’ ಬಳಸುತ್ತಿದ್ದೇನೆ. 1966ರಲ್ಲಿ ಎಡ್ಮಂಡ್ ರುದ್ನಿತ್ಸ್ಕ ಮಾಡಿದ ಈ ಸುಗಂಧದ ಜೀವವೇ ನಿಂಬೆ ಮತ್ತು ಅದೇ ಜಾತಿಯ ಬರ್ಗಮಾಟ್ ಹಣ್ಣು. ಮಲ್ಲಿಗೆಯ ತೆಳುವಾದ, ಗಾಳಿಯಾಡುವ ಭಾವ ಕೊಡುವ ಹೆಡಿಯೋನ್ ಎಂಬ ಕೃತಕ ಪದಾರ್ಥ ಮೊದಲು ಹೆಸರು ಮಾಡಿದ್ದು ಇದರಲ್ಲೇ. ಸಂಬಂಧಿಕರೊಬ್ಬರ ಮನೆಯಲ್ಲಿ ಇದರ ಬಹಳ ಹಳೆಯ ಬಾಟಲಿಯೊಂದು ಸಿಕ್ಕಾಗ ಆಸೆಯಿಂದ ಹಚ್ಚಿಕೊಂಡೆ. ನಿಂಬೆ ಸತ್ತುಹೋಗಿ ಪೀಠೋಪಕರಣದ ಪಾಲಿಶಿನಂಥದ್ದೇನೋ ಉಳಿದಿತ್ತು. ತಳದ ಓಕ್‌ಮಾಸ್ ಭಾಗ ಚೆನ್ನಾಗಿತ್ತೆಂಬುದು ನಿಜ, ಆದರೆ ಈ ಸುಗಂಧವನ್ನು ಯಾರೂ ಅದರ ತಳಕ್ಕಾಗಿ ಹಚ್ಚಿಕೊಳ್ಳುವುದಿಲ್ಲ. ಉಪನ್ಯಾಸಕರು ಹೇಳಿದ ಕಾರಣವೇ ಇಲ್ಲಿಯೂ ಇದೆ: ಹಗುರವಾದ ಭಾಗ ಮೊದಲು ಹೋಗುತ್ತದೆ. ಯಾವ ಸುಗಂಧದ ಸೊಗಸು ಹಗುರವಾದ ಭಾಗದಲ್ಲಿದೆಯೋ ಅದನ್ನು ಹೊಸದಾಗಿಯೇ ಕೊಳ್ಳಬೇಕು, ಸೊಗಸು ತಳದಲ್ಲಿದ್ದರೆ ಮಾತ್ರ ಹಳೆಯದನ್ನು ಹುಡುಕಬಹುದು. ನಿಮ್ಮ ಪಾಕೋ ರಬಾನ್ ಎರಡನೆಯ ಗುಂಪಿಗೆ ಸೇರಿದ್ದರಿಂದ ನಿಮಗೆ ಅದೃಷ್ಟ ಒಲಿದಿದೆ.

ಇನ್ನೊಂದು ಮಾತು. ನಿಮ್ಮ ತಾಯಿಯವರು ‘ಕಾಕಾ ಬಂದಾನೇನೋ’ ಎಂದದ್ದನ್ನು ಓದಿ ನನಗೆ ಅನ್ನಿಸಿದ್ದೇನೆಂದರೆ, ಇಂಥ ಬಾಟಲಿಯ ಬಗ್ಗೆ ನಮ್ಮ ತೀರ್ಪಿನಲ್ಲಿ ಅರ್ಧಕ್ಕರ್ಧ ನೆನಪೇ ಇರುತ್ತದೆ. ನಿಮ್ಮ ಕಾಕಾ ಯಾರೆಂದು ಗೊತ್ತಿಲ್ಲದ ನನ್ನಂಥವನಿಗೆ ನೀವು ಬಸ್ಸಿನಲ್ಲಿ ಪಕ್ಕದಲ್ಲಿ ಕೂತರೆ, ಅದು ಬರಿಯ ಜೋರಾದ ವಾಸನೆ. ಗದುಗಿನ ಒಣ ಬಿಸಿಲಿನಲ್ಲಿ, ಮದುವೆಯ ಮನೆಯೊಂದರಲ್ಲಿ, ಹಳೆಯ ಬ್ರೂಟನ್ನು ಧಾರಾಳವಾಗಿ ಸುರಿದುಕೊಂಡಿದ್ದ ಹಿರಿಯರೊಬ್ಬರ ಪಕ್ಕದಲ್ಲಿ ಊಟಕ್ಕೆ ಕೂತು ಹೋಳಿಗೆಯ ರುಚಿಯೇ ನನಗೆ ಹತ್ತಲಿಲ್ಲ. ಆದ್ದರಿಂದ ಅತ್ತರಿನ ವ್ಯಾಪಾರಿಗಳು ಹೇಳಿದ ‘ಒಂದೇ ಸಲ’ ಎಂಬ ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿಯಿರಿ.

ಪ್ರಶ್ನೆ ಕೇಳಿದವರಿಂದ: ಸಪ್ತಾಪುರದ ನಿವಾಸಿ, ಧಾರವಾಡ

ಎಲ್ಲರಿಗೂ ಕೃತಜ್ಞತೆಗಳು. ಮೊಣಕೈಯ ಪರೀಕ್ಷೆ ಮಾಡಿದೆ, ಯಾವ ತೊಂದರೆಯೂ ಆಗಲಿಲ್ಲ. ಗದುಗಿನ ಸರ್ ಹೇಳಿದ ನೆನಪಿನ ಮಾತು ಮನಸ್ಸಿನಲ್ಲಿ ಕೊರೆಯುತ್ತಿದ್ದುದರಿಂದ, ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಈಗಿನ ಪಾಕೋ ರಬಾನ್ ಪೂರ್ ಓಮ್‌ನ ಪರೀಕ್ಷೆಯ ಬಾಟಲಿ ಇರುವುದನ್ನು ಕೇಳಿ ತಿಳಿದು, ಎಡಗೈಗೆ ಮನೆಯಲ್ಲೇ ಹಳೆಯದನ್ನು ಹಚ್ಚಿಕೊಂಡು ಹೋಗಿ ಬಲಗೈಗೆ ಅಲ್ಲಿ ಹೊಸದನ್ನು ಹಚ್ಚಿಸಿಕೊಂಡೆ.

ಮೊದಲ ಗಳಿಗೆಯಲ್ಲಿ ಹೊಸದೇ ಗೆದ್ದಿತು. ರೋಸ್‌ಮೇರಿ ಸ್ವಚ್ಛವಾಗಿ, ಹಸಿಯಾಗಿ, ಯಾವ ಘಾಟೂ ಇಲ್ಲದೆ ಎದ್ದು ಬಂದಿತು. ನನ್ನ ಹಳೆಯ ಬಾಟಲಿಯೂ ಹೊಸದಿದ್ದಾಗ ಹೀಗೇ ಇತ್ತೇನೋ ಎಂದು ಆಗ ಅನ್ನಿಸಿತು. ನಡುವಿನ ಭಾಗದಲ್ಲಿ ಎರಡೂ ಅಣ್ಣ ತಮ್ಮಂದಿರೆಂದು ಯಾರಾದರೂ ಗುರುತಿಸಬಹುದು. ಲ್ಯಾವೆಂಡರ್, ಜಿರೇನಿಯಂ, ಸಾಬೂನು ಎಲ್ಲ ಎರಡರಲ್ಲೂ ಇವೆ, ಹೊಸದರಲ್ಲಿ ಸ್ವಲ್ಪ ತೆಳು. ವ್ಯತ್ಯಾಸ ಸ್ಪಷ್ಟವಾದದ್ದು ಮೂರನೆಯ ತಾಸಿನ ಮೇಲೆ. ಬಲಗೈಯಲ್ಲಿ ವಾಸನೆ ಹಾಗೆಯೇ ಕ್ಷೀಣಿಸುತ್ತ ಹೋಗಿ ಕೊನೆಗೆ ಸ್ವಚ್ಛವಾದ ಮಸ್ಕ್ ಮಾತ್ರ ಉಳಿಯಿತು. ಎಡಗೈಯಲ್ಲಿ ಅದು ಕ್ಷೀಣಿಸುವ ಬದಲು ಕೆಳಗಿಳಿಯಿತು: ಜೇನು ಗಾಢವಾಗಿ, ಹೊಗೆಸೊಪ್ಪಿನ ಒಂದು ನೆರಳು ಬಂದು, ಅದರಡಿಯಲ್ಲಿ ಕಲ್ಲುಹೂವು ಬಂದು ಕೂತಿತು. ಕಾಕಾ ಯಾರೆಂದು ತಿಳಿಯದ ಅಂಗಡಿಯ ಹುಡುಗನಿಗೆ ಎರಡೂ ಕೈ ತೋರಿಸಿದೆ. ಅವನು ಹೊಸದು ಕೂಡಲೇ ಇಷ್ಟವಾಗುತ್ತದೆಂದೂ ಹಳೆಯದು ‘ಭಾಳ ಸೀರಿಯಸ್ ಐತ್ರಿ’ ಎಂದೂ ಹೇಳಿದ. ಇಬ್ಬರ ತೀರ್ಪಿಗೂ ಹೆಚ್ಚು ವ್ಯತ್ಯಾಸವಿಲ್ಲ.

ನನ್ನ ಮಟ್ಟಿಗೆ ತೀರ್ಮಾನ ಹೀಗಿದೆ. ಕಚೇರಿಗೆ ಹೊಸದನ್ನೇ ಹಚ್ಚಿಕೊಳ್ಳುತ್ತೇನೆ. ಹಳೆಯದನ್ನು ಮಳೆಗಾಲದ ಭಾನುವಾರಗಳಿಗೆ, ಕೋಟಿನ ಒಳಬಟ್ಟೆಗೆ, ನನಗಾಗಿ ಇಟ್ಟುಕೊಳ್ಳುತ್ತೇನೆ. ಇನ್ನು ಉಳಿದದ್ದು ಎರಡು ಸಂದೇಹ. ಬಾಟಲಿ ಖಾಲಿಯಾದ ಮೇಲೆ ಇಂಥದ್ದನ್ನೇ ಕೊಳ್ಳಬೇಕೆಂದರೆ ಅದು ನಿಜವಾಗಿ ಹಳೆಯದೆಂದು ಗುರುತಿಸುವುದು ಹೇಗೆ? ಮತ್ತು ಈಗ ಅರ್ಧ ಖಾಲಿಯಿರುವುದನ್ನು ಚಿಕ್ಕ ಸ್ಪ್ರೇ ಬಾಟಲಿಗೆ ಸುರಿದಿಟ್ಟರೆ ಒಳ್ಳೆಯದೇ?

ಉತ್ತರ 4: ಹಾವೇರಿಯಿಂದ, ಹಳೆಯ ಬಾಟಲಿಗಳ ಸಂಗ್ರಾಹಕ

ನಾನು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ವ್ಯವಹಾರ ಮಾಡುವವನು. ಹಂಗಾಮಿನಲ್ಲಿ ಅಲ್ಲಿ ಯಾವ ಸುಗಂಧ ಹಚ್ಚಿಕೊಂಡರೂ ನನಗೂ ತಿಳಿಯುವುದಿಲ್ಲ, ಪಕ್ಕದವರಿಗೂ ತಿಳಿಯುವುದಿಲ್ಲ. ಸೀನು ಮಾತ್ರ ಎಲ್ಲರಿಗೂ ಸಮಾನ. ಬಹುಶಃ ಅದಕ್ಕೇ ಹಂಗಾಮು ಮುಗಿದ ಮೇಲೆ ಈ ಹವ್ಯಾಸಕ್ಕೆ ಅಂಟಿಕೊಂಡೆ.

ಹಳೆಯ ಬಾಟಲಿ ಗುರುತಿಸಲು ಮೊದಲು ಪೆಟ್ಟಿಗೆಯನ್ನು ಓದಬೇಕು. ಐರೋಪ್ಯ ಒಕ್ಕೂಟ 2005ರಿಂದ ಅಲರ್ಜಿ ತರಬಹುದಾದ 26 ಸುಗಂಧ ಪದಾರ್ಥಗಳ ಹೆಸರನ್ನು, ನಿಗದಿತ ಪ್ರಮಾಣಕ್ಕಿಂತ ಹೆಚ್ಚಿದ್ದರೆ, ಹೊರಗೆ ಮುದ್ರಿಸುವುದನ್ನು ಕಡ್ಡಾಯ ಮಾಡಿತು. ಆದ್ದರಿಂದ ಪೆಟ್ಟಿಗೆಯ ಮೇಲೆ ಲಿಮೋನೀನ್, ಲಿನಲೂಲ್, ಕೌಮರಿನ್, ಜಿರಾನಿಯಾಲ್ ಎಂದು ಉದ್ದನೆಯ ಪಟ್ಟಿ ಇದ್ದರೆ ಅದು 1980ರ ದಶಕದ್ದಲ್ಲ, ಮಾರುವವರು ಎಷ್ಟೇ ಆಣೆ ಮಾಡಿದರೂ ನಂಬಬೇಡಿ. ಆ ಪಟ್ಟಿಯಲ್ಲೇ ಓಕ್‌ಮಾಸ್‌ನ ಹೆಸರು ‘ಎವರ್ನಿಯಾ ಪ್ರುನಾಸ್ಟ್ರಿ’ ಎಂದಿದ್ದರೆ, ಬಹಳ ಹಳೆಯದಲ್ಲದಿದ್ದರೂ ಅದರ ಸಾರ ಅಷ್ಟಿಷ್ಟು ಉಳಿದಿರುವ ಕಾಲದ್ದೆಂದು ತಿಳಿಯಬಹುದು, ಬೆಲೆಯೂ ಕೈಗೆಟುಕುವಂತಿರುತ್ತದೆ. ಅನುಭವಕ್ಕೂ ಖರ್ಚಿಗೂ ಹೊಂದಿಕೆಯಾಗುವುದು ಇದೇ ನಡುಗಾಲದ ಬಾಟಲಿ ಎಂಬುದು ನನ್ನ ಅಭಿಪ್ರಾಯ. 2023ರಲ್ಲಿ ಕಂಪನಿ ತನ್ನ ಹೆಸರಿನಿಂದ ‘ಪಾಕೋ’ವನ್ನು ಬಿಟ್ಟು ಬರಿಯ ‘ರಬಾನ್’ ಎಂದು ಇಟ್ಟುಕೊಂಡಿತು. ಹೀಗಾಗಿ ಬರಿಯ ‘ರಬಾನ್’ ಎಂದಿದ್ದರೆ ಅದು ತೀರ ಇತ್ತೀಚಿನದು.

ಪೆಟ್ಟಿಗೆ ಇಲ್ಲದೆ ಬಾಟಲಿ ಮಾತ್ರ ಮಾರಾಟಕ್ಕಿದ್ದರೆ, ಬೆಳಕಿಗೆ ಎದುರಾಗಿ ಹಿಡಿದು ದ್ರವದ ಮಟ್ಟ ನೋಡಿರಿ. ಹಸಿರು ಗಾಜಿನೊಳಗೆ ಬಣ್ಣ ಕಪ್ಪಾದದ್ದು ತಿಳಿಯುವುದು ಕಷ್ಟ, ಅದಕ್ಕಾಗಿ ಬಿಳಿಯ ಕಾಗದದ ಮೇಲೆ ಒಂದು ಸಲ ಹೊಡೆಯಲು ಹೇಳಬೇಕು. ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಒಂದು ಚಹಾ ಕುಡಿದು ಬಂದು ಮೂಸಿ, ಆಮೇಲೆ ಬೆಲೆಯ ಮಾತಾಡಿರಿ. ನಿಂತ ಕಾಲಲ್ಲೇ ಮೂಸಿ ಕೊಂಡರೆ ನಿಮಗೆ ಮೊದಲ ದಿನ ಕಂಡ ಘಾಟಿನ ಮೇಲೆಯೇ ತೀರ್ಪು ಕೊಟ್ಟಂತಾಗುತ್ತದೆ. ತಿರುಗಿಸಿ ತೆಗೆಯುವ ಮುಚ್ಚಳದ, ಸುರಿದುಕೊಳ್ಳುವ ಬಾಟಲಿಗಿಂತ ಸ್ಪ್ರೇ ಬಾಟಲಿ ಮೇಲು. ಸುರಿಯುವುದರಲ್ಲಿ ಪ್ರತಿ ಸಲ ಮುಚ್ಚಳ ತೆಗೆದಾಗಲೂ ಹೊಸ ಗಾಳಿ ಒಳಹೋಗಿರುತ್ತದೆ, ಬೆರಳು ತಾಗಿಸಿರುವ ಸಂಭವವೂ ಇರುತ್ತದೆ.

ಉತ್ತರ 5: ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಮಾಳಮಡ್ಡಿ, ಧಾರವಾಡ

ಬೇರೆ ಬಾಟಲಿಗೆ ಸುರಿಯುವ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಸುರಿಯುವಾಗ ದ್ರವವೆಲ್ಲ ಒಮ್ಮೆ ಗಾಳಿಗೆ ತೆರೆದುಕೊಳ್ಳುತ್ತದೆ, ಆದ್ದರಿಂದ ಸ್ಪ್ರೇ ಮೂತಿ ಸರಿಯಾಗಿ ಕೆಲಸ ಮಾಡುತ್ತಿರುವವರೆಗೆ ಅದನ್ನು ಮುಟ್ಟದಿರುವುದೇ ಲೇಸು. ಮುಂದೆ ಕಾಲು ಭಾಗಕ್ಕೆ ಇಳಿದಾಗ, ಒಳಗಿನ ಗಾಳಿಯ ಪ್ರಮಾಣ ದ್ರವಕ್ಕಿಂತ ಬಹಳ ಹೆಚ್ಚಾಗುವುದರಿಂದ, ಅಂಚಿನವರೆಗೆ ತುಂಬುವಂಥ ಚಿಕ್ಕ ಗಾಜಿನ ಸೀಸೆಗೆ ಒಂದೇ ಸಲಕ್ಕೆ ವರ್ಗಾಯಿಸಬಹುದು. ಪ್ಲಾಸ್ಟಿಕ್ಕಿನದು ಬೇಡ, ಸುಗಂಧದ ಎಣ್ಣೆಗಳು ಕೆಲವು ಪ್ಲಾಸ್ಟಿಕ್ಕುಗಳನ್ನು ಕರಗಿಸುತ್ತವೆ. ಫ್ರಿಜ್ಜಿನ ಅಗತ್ಯವಿಲ್ಲ. ಸ್ನಾನದ ಮನೆಯ ಕಪಾಟು ಮತ್ತು ಕನ್ನಡಿಯ ಮುಂದಿನ ಹಲಗೆ ಎರಡನ್ನೂ ಬಿಟ್ಟು ಎಲ್ಲಿ ಬೇಕಾದರೂ ಇಡಿ. ನಿಮ್ಮ ಕಾಕಾ ಇಟ್ಟಿದ್ದಂತೆ ಪೆಟ್ಟಿಗೆಯೊಳಗೇ ಇಟ್ಟು ತಿಜೋರಿಗೆ ಹಾಕಿದರೂ ಆದೀತು, ಆದರೆ ಬೇಸಿಗೆಯಲ್ಲಿ ಆ ತಿಜೋರಿ ಪಡುವಣ ಗೋಡೆಗೆ ತಾಗಿ ಬಿಸಿಯಾಗುತ್ತಿದ್ದರೆ ಬಾಟಲಿಯನ್ನು ಬೇರೆ ಕೋಣೆಗೆ ಸಾಗಿಸಿರಿ.